ನಾಳೆ ಉದ್ರಿ

ಮೂವತ್ತೊಂದು ವರ್ಷ ಗಲ್ಲಾದಲ್ಲಿ ಕೂತವನು ನಾನು,
ಮಾಟುಂಗಾ ಪೂರ್ವದಲ್ಲಿ, ಹೂವಿನವರ ಸಾಲು ದಾಟಿದ ಮೇಲೆ.
ತಲೆಯ ಮೇಲೊಂದು ಬೋರ್ಡು: ಇಂದು ನಗದು ನಾಳೆ ಉದ್ರಿ.
ಎರಡನೇ ಸಲದ ಚಟ್ನಿಗೂ ಒಮ್ಮೆ ಬೆಲೆ ಕಟ್ಟಿ ನೋಡಿದ್ದೆವು,
ಗಿರಾಕಿಗಳು ಜಗಳ ತೆಗೆದ ಮೇಲೆ ಬಿಟ್ಟೆವು.

ಈಗ ವಾರಕ್ಕೆ ಮೂರು ದಿನ ಸಾಯನ್ನಿನ ಟ್ರಸ್ಟ್ ಆಸ್ಪತ್ರೆ,
ಏಳನೇ ಕುರ್ಚಿ.
ರಕ್ತ ಕೊಳವೆ ಹಿಡಿದು ಹೊರಟು
ಮುಸುರೆ ತೊಳೆದ ಲೋಟದ ಹಾಗೆ ವಾಪಸು ಬರುತ್ತದೆ.
ಕುಡಿಯುವ ನೀರಿಗೂ ಲೆಕ್ಕ, ದಿನಕ್ಕೆ ಐದು ಲೋಟ.
ನೀರೊಂದನ್ನೇ ಪುಕ್ಕಟೆ ಕೊಡುತ್ತಿದ್ದವನಿಗೆ.

ಇಲ್ಲಿ ಎಲ್ಲರಿಗೂ ಬೇಕಾದದ್ದು ಒಂದೇ, ಅದಕ್ಕೆ ಬೆಲೆ ಇಲ್ಲ.
ಇಡಬಾರದೆಂದು ಕಾನೂನು. ಕಾನೂನು ಸರಿಯಾಗಿಯೇ ಇದೆ.
ಬೆಲೆ ಇಲ್ಲದಲ್ಲಿ ಸಾಲು ಇರುತ್ತದೆ,
ರೇಷನ್ ಅಂಗಡಿ ಕಂಡವರಿಗೆ ಹೇಳಿಕೊಡಬೇಕಿಲ್ಲ.
ನನ್ನ ನಂಬರು ಇನ್ನೂರ ಹದಿನಾಲ್ಕು.
ಹೋದ ತಿಂಗಳು ಇನ್ನೂರ ಹದಿನಾರು;
ಇಬ್ಬರಿಗೆ ಸಿಕ್ಕಿತಲ್ಲ ಎಂದು ಖುಷಿಪಟ್ಟೆ.
ಸಿಕ್ಕಿರಲಿಲ್ಲ.
ನಾಲ್ಕನೇ ಕುರ್ಚಿಯ ಟ್ಯಾಕ್ಸಿ ಘೋರ್ಪಡೆ ಒಬ್ಬ,
ಇನ್ನೊಬ್ಬರು ಯಾರೋ ಕಲ್ವಾದವರು.

ಮನೆಯವರು ಕೊಡಬಹುದು. ಕೊಡುತ್ತಾರೆ.
ಸಹಿ ಹಾಕುವ ಬೆಂಚಿನ ತುಂಬ ಸೀರೆಗಳು, ಒಂದೆರಡು ಬುರ್ಖಾ.
ಪರ್ವೀನಳಿಗೇ ಬೇಕಾದಾಗ ಗಂಡನಿಗೆ ಬಿ.ಪಿ.ಯಂತೆ, ಅಣ್ಣನಿಗೆ ಅಂಗಡಿಯಂತೆ.
ನನ್ನ ಗುಲಾಬಿ ಕೊಡಲು ಹೊರಟಳು,
ಅವಳ ಸಕ್ಕರೆ ಕಾಯಿಲೆ ಬೇಡವೆಂದಿತು.

ಸರ್ಕಲ್ಲಿನಲ್ಲಿ ಆಂಬುಲೆನ್ಸ್ ಕೂಗಿದರೆ
ಹನ್ನೊಂದು ಕುರ್ಚಿಗಳೂ ಮಾತು ನಿಲ್ಲಿಸುತ್ತವೆ.
ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.
ಮೊದಲ ಮಳೆಗೆ ಹೈವೇ ಜಾರುತ್ತದಲ್ಲ,
ಹೆಲ್ಮೆಟ್ಟಿಲ್ಲದ ಹುಡುಗರು...
ಅಲ್ಲಿಂದ ಮುಂದೆ ಯೋಚಿಸಬಾರದು.

ಚಹಾ ಗಾಡಿಯ ಹತ್ತಿರ ಒಬ್ಬ ಸಿಗುತ್ತಾನೆ,
ಇಸ್ತ್ರಿ ಶರ್ಟು, ಮೆದು ಮಾತು.
"ಕುಂದರ್ ಶೇಟ್, ಸಂಬಂಧಿ ಅಂತ ಕಾಗದ ಮಾಡೋಣ."
ಮೊತ್ತ ಹೇಳಿದ. ಕೊಡುವವನಿಗೆ ಎಷ್ಟು, ಕೇಳಿದೆ. ಅಭ್ಯಾಸಬಲ.
ರೂಪಾಯಿಗೆ ಎರಡಾಣೆ.

ಯಂಕೋಬ ನೆನಪಾದ.
ಲಿಂಗಸುಗೂರಿನ ಕಡೆಯವನು, ಒಳಗೆ ಪ್ಲೇಟು ತೊಳೆಯುತ್ತಿದ್ದ.
ತಂಗಿಯ ಹೆರಿಗೆಗೋ ಏನೋ, ಹದಿನೈದು ಸಾವಿರ ಮುಂಗಡ ಕೇಳಿದ.
ನಾನು ಮಾತಾಡಲಿಲ್ಲ, ಬೋರ್ಡು ತೋರಿಸಿದೆ,
ತಮಾಷೆಗೆ. ಎಲ್ಲರೂ ನಕ್ಕರು. ಅವನೂ ನಕ್ಕ.
ಎರಡು ತಿಂಗಳು ಪತ್ತೆಯಿಲ್ಲ.
ಬಂದಾಗ ಕೈಯಲ್ಲಿ ಹೊಸ ಮೊಬೈಲು.
ನಲ್ಲಿಯಡಿ ಮೀಯುವಾಗ ಕಂಡೆ, ಪಕ್ಕೆಯ ಮೇಲೊಂದು ಗೀಟು,
ಲೆಕ್ಕ ಮುಗಿಸಿ ನಾನು ಪುಟದಡಿಗೆ ಎಳೆಯುವಂಥದು.
ಬಿದ್ದೆ ಸಾಮಿ, ಎಂದ.
ಬಕೆಟ್ ಎತ್ತಲಾರದವನನ್ನು ದೀಪಾವಳಿಗೆ ಮುಂಚೆ ಬಿಡಿಸಿದೆವು.
ಪಗಾರ ಪೈಸೆ ಬಾಕಿಯಿಲ್ಲದೆ ಚುಕ್ತಾ ಮಾಡಿದ್ದು ನಾನೇ.

ಮೊನ್ನೆ ರಾತ್ರಿ ಎರಡೂ ನಲವತ್ತಕ್ಕೆ ಪರೇಲಿನಿಂದ ಫೋನು.
ಏನೂ ತಿನ್ನದೆ ಬನ್ನಿ, ನಿಮ್ಮದು ಎರಡನೇ ಹೆಸರು.
ನನ್ನ ರಕ್ತದ ಗುಂಪು ಅಪರೂಪದ್ದು,
ಇನ್ನೂರು ಮಂದಿ ಒಮ್ಮೆಗೇ ಬದಿಗೆ ಸರಿದಿದ್ದರು.
ಒಬ್ಬಳನ್ನು ಬಿಟ್ಟು. ಭಾಂಡುಪಿನ ಹುಡುಗಿ,
ಮಡಿಲಲ್ಲಿ ಪರೀಕ್ಷೆಯ ಪುಸ್ತಕ, ಹಾಳೆ ತಿರುವುತ್ತಿರಲಿಲ್ಲ.
ಆ ಮೂರು ಗಂಟೆ ಬೆಂಚಿನಲ್ಲಿ ಕೂತು ನಾನು ದೇವರಲ್ಲಿ ಕೇಳಿಕೊಂಡದ್ದನ್ನು
ಗುಲಾಬಿಗೂ ಹೇಳಿಲ್ಲ.

ಅವಳಿಗೆ ಹೊಂದಿತು.

ಲೋಕಲ್ ಹಿಡಿದು ಮಾಟುಂಗಾದಲ್ಲಿ ಇಳಿದೆ, ಖಾಲಿ ಹೊಟ್ಟೆ.
ಗಲ್ಲಾದಲ್ಲಿ ಹೊಸ ಹುಡುಗ, ನನ್ನ ಗುರುತಿಲ್ಲ.
ಎರಡು ಇಡ್ಲಿ, ಅರ್ಧ ಲೋಟ ನೀರು.
ಕಿಸೆಯಿಂದ ನೋಟಿನ ಜತೆ ಆ ಮೆದು ಮಾತಿನವನ ಚೀಟಿಯೂ ಬಂತು.
ನೋಟು ಕೊಟ್ಟೆ, ಚೀಟಿ ಮತ್ತೆ ಒಳಗಿಟ್ಟೆ.
ಎರಡು ರೂಪಾಯಿ ಚಿಲ್ಲರೆಯಿಲ್ಲ ಅಂಕಲ್, ನಾಳೆ ಕೊಡಲಾ? ಎಂದ.
ನಾಳೆ ಕುರ್ಚಿಯ ದಿನ.
ನಾಡಿದ್ದು, ಎಂದೆ.